ಬಣ್ಣವಿಲ್ಲದ ಪಥ್ಯ

1965ರಲ್ಲಿ, ಮೈಯೆಲ್ಲ ಗಂಧೆಯೆದ್ದು ಪರಿತಪಿಸುತ್ತಿದ್ದ ಮಹಿಳೆಯೊಬ್ಬಳು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ನಗರದ ಕೈಸರ್ ಪರ್ಮನೆಂಟೆ ವೈದ್ಯಾಲಯಕ್ಕೆ ಬಂದಾಗ, ಅಲ್ಲಿಯ ಅಲರ್ಜಿ ತಜ್ಞರಾದ ಡಾ. ಬೆಂಜಮಿನ್ ಫೈನ್‌ಗೋಲ್ಡರು ಆಕೆಗೆ ಪಥ್ಯವನ್ನು ವಿಧಿಸಿದರು: ಆಸ್ಪಿರಿನ್ನಿನ ಬಂಧುವರ್ಗಕ್ಕೆ ಸೇರಿದ ಸ್ಯಾಲಿಸಿಲೇಟುಗಳಿರುವ ಹಣ್ಣುಗಳನ್ನೂ, ಕೃತಕವಾದ ಬಣ್ಣ ಮತ್ತು ಸುವಾಸನೆಗಳು ಬೆರೆತ ತಿನಿಸುಗಳನ್ನೂ ವರ್ಜಿಸತಕ್ಕದ್ದು. ಗಂಧೆ ಅಡಗಿತು. ತರುವಾಯ ಮನೋವೈದ್ಯರೊಬ್ಬರು, ಬಹುಕಾಲದಿಂದ ತಮ್ಮ ಚಿಕಿತ್ಸೆಗೆ ಜಗ್ಗದಿದ್ದ ಆಕೆಯ ಉಗ್ರಸ್ವಭಾವವೂ ಶಮನಗೊಂಡಿರುವುದಾಗಿ ಫೈನ್‌ಗೋಲ್ಡರಿಗೆ ತಿಳಿಸಿದರು.

ಮಕ್ಕಳ ಚಾಂಚಲ್ಯಕ್ಕೂ ಅವರು ತಿನ್ನುವ ಅನ್ನಕ್ಕೂ ಸಂಬಂಧವುಂಟೆಂಬ ವಿಚಾರವು ಜನಸಾಮಾನ್ಯರ ಮನೆಗಳನ್ನು ಹೊಕ್ಕದ್ದು ಈ ಘಟನೆಯ ತರುವಾಯವೇ. ಇಂದು ಎಡಿಎಚ್‌ಡಿ (ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಎಂದು ಕರೆಯಲ್ಪಡುವ ಅವಸ್ಥೆಯನ್ನು ಹೋಲುವ ಲಕ್ಷಣಗಳನ್ನು 1902ರಲ್ಲಿ ಲಂಡನ್ನಿನ ವೈದ್ಯರಾದ ಜಾರ್ಜ್ ಸ್ಟಿಲ್ಲರು ನೈತಿಕ ಸಂಯಮದ ಲೋಪವೆಂದು ವರ್ಣಿಸಿದ್ದರು. 1937ರಲ್ಲಿ ಚಾರ್ಲ್ಸ್ ಬ್ರ್ಯಾಡ್ಲಿಯವರು ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧದಿಂದ ಕೆಲವು ಮಕ್ಕಳ ಮನಸ್ಸು ಪಾಠದಲ್ಲಿ ನೆಲೆಗೊಳ್ಳುವುದನ್ನು ಕಂಡಿದ್ದರು. ಗುಳಿಗೆ ಒಂದು ಕಡೆ, ಸಾಕಿದವರ ತಪ್ಪೆಂಬ ನಿಂದೆ ಇನ್ನೊಂದು ಕಡೆಯಾಗಿ ನಡುವೆ ನಿಂತಿದ್ದ ತಾಯಂದಿರಿಗೆ, ದೋಷವು ತಟ್ಟೆಯಲ್ಲಿರಬಹುದೆಂದು ವೈದ್ಯರೊಬ್ಬರು ಹೇಳಿದ ಮಾತು ಎಂತಹ ಸಾಂತ್ವನವನ್ನು ತಂದಿರಬೇಕೆಂಬುದನ್ನು ನೆನೆಯದೆ ಈ ಚರಿತ್ರೆಯನ್ನು ಬರೆಯುವುದು ನ್ಯಾಯವಾಗಲಾರದು.

ಫೈನ್‌ಗೋಲ್ಡರು 1973ರಲ್ಲಿ ಅಮೆರಿಕದ ವೈದ್ಯಸಂಘದ ಸಭೆಯಲ್ಲಿ ಇದೇ ಪಥ್ಯವು ಚಂಚಲರಾದ ಮಕ್ಕಳಿಗೂ ಗುಣ ತರುವುದೆಂಬ ತಮ್ಮ ಅಭಿಪ್ರಾಯವನ್ನು ಮಂಡಿಸಿ, 1975ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಮರುವರ್ಷವೇ ಅವರ ಹೆಸರಿನ ಸಂಘವು ಹುಟ್ಟಿಕೊಂಡಿತು. ಪಥ್ಯವೇನೂ ಸುಲಭದ್ದಾಗಿರಲಿಲ್ಲ. ಸೇಬು, ದ್ರಾಕ್ಷಿ, ಕಿತ್ತಳೆ, ಬಾದಾಮಿ, ಟೊಮ್ಯಾಟೊ, ಸೌತೆಕಾಯಿಗಳನ್ನು ಮೊದಲು ಬಿಡಬೇಕು. ಬಣ್ಣದ ಮಿಠಾಯಿ, ಪಾನಕ, ಐಸ್‌ಕ್ರೀಮುಗಳಿಗಂತೂ ಮನೆಯಲ್ಲಿ ಸ್ಥಳವಿಲ್ಲ. ಹಲ್ಲುಜ್ಜುವ ಪೇಸ್ಟು, ಮಕ್ಕಳಿಗೆ ಕುಡಿಸುವ ಕೆಂಪು ಬಣ್ಣದ ಸಿರಪ್ಪು ಸಹ ನಿಷಿದ್ಧ. ಮಗುವೊಂದಕ್ಕೇ ಪ್ರತ್ಯೇಕಪಂಕ್ತಿಯಾಗದಂತೆ ಇಡೀ ಕುಟುಂಬವೇ ಪಥ್ಯವನ್ನು ಆಚರಿಸತಕ್ಕದ್ದು, ತಿಂದದ್ದನ್ನೂ ನಡೆದುಕೊಂಡ ರೀತಿಯನ್ನೂ ದಿನಚರಿಯಲ್ಲಿ ಬರೆದಿಡತಕ್ಕದ್ದು. ಈ ಭಾರವನ್ನೆಲ್ಲ ಹೊತ್ತವರು ಬಹುಮಟ್ಟಿಗೆ ತಾಯಂದಿರು.

ಆದರೆ ಇಷ್ಟೊಂದು ಆಸ್ಥೆಯಿಂದ ಮಗುವನ್ನು ನೋಡಿಕೊಳ್ಳುವ ಮನೆಯಲ್ಲಿ, ಗುಣ ಕಂಡದ್ದು ಬಣ್ಣವನ್ನು ಬಿಟ್ಟದ್ದರಿಂದಲೋ ಆ ಆಸ್ಥೆಯಿಂದಲೋ ಎಂಬುದನ್ನು ನಿರ್ಧರಿಸುವ ಬಗೆ ಹೇಗೆ? ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹಾರ್ಲಿ ಮತ್ತು ಸಂಗಡಿಗರು ಇದಕ್ಕೆ ಕಂಡುಕೊಂಡ ಉಪಾಯವು ಇಂದಿಗೂ ಬೆರಗುಗೊಳಿಸುವಂತಹುದು: ಮನೆಯಲ್ಲಿದ್ದ ಆಹಾರವನ್ನೆಲ್ಲ ತೆರವು ಮಾಡಿಸಿ, ಕುಟುಂಬಕ್ಕೆ ಬೇಕಾದ ದಿನಸಿಯನ್ನು ವಾರವಾರವೂ ತಾವೇ ಒದಗಿಸಿ, ಯಾವ ವಾರದ್ದು ಪಥ್ಯ, ಯಾವ ವಾರದ್ದು ಸಾಮಾನ್ಯ ಊಟವೆಂಬುದು ಮನೆಯವರಿಗೆ ಗೊತ್ತಾಗದಂತೆ ನೋಡಿಕೊಂಡರು. 1978ರಲ್ಲಿ ಹೊರಬಿದ್ದ ಫಲಿತಾಂಶದಲ್ಲಿ, ಶಾಲೆಗೆ ಹೋಗುವ ವಯಸ್ಸಿನ 36 ಹುಡುಗರಲ್ಲಿ ಪಥ್ಯದ ಪ್ರಭಾವಕ್ಕೆ ದೃಢವಾದ ಆಧಾರ ದೊರೆಯಲಿಲ್ಲ. ಆದರೆ ಶಾಲೆಗೆ ಸೇರದ 10 ಪುಟ್ಟ ಹುಡುಗರ ತಾಯಂದಿರೆಲ್ಲರೂ ಪಥ್ಯದ ಅವಧಿಯಲ್ಲಿ ಗುಣವಿದೆಯೆಂದು ದಾಖಲಿಸಿದ್ದರು. ಆ ಹತ್ತು ಮಂದಿಯ ಸಾಕ್ಷ್ಯವನ್ನು ವಿದ್ವಾಂಸರು ಅಂದು ಇನ್ನಷ್ಟು ಆದರದಿಂದ ಪರಿಶೀಲಿಸಬೇಕಾಗಿತ್ತೆಂದೇ ನನ್ನ ಭಾವನೆ. 1982ರಲ್ಲಿ ಫೈನ್‌ಗೋಲ್ಡರು ತೀರಿಕೊಂಡರು. 1983ರಲ್ಲಿ 23 ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದ ಕಾವೇಲ್ ಮತ್ತು ಫೋರ್ನೆಸ್ಸರು ಪಥ್ಯದ ಪರಿಣಾಮವು ಅತ್ಯಲ್ಪವೆಂದು ಸಾರಿದರು.

ಪುಷ್ಟಿದ್ರವ್ಯಗಳ ಕಥೆಯೂ ಇದರ ಜೊತೆಜೊತೆಗೇ ಸಾಗಿತು. ರಸಾಯನವಿಜ್ಞಾನಿ ಲೈನಸ್ ಪಾಲಿಂಗರ ಪ್ರತಿಪಾದನೆಯಿಂದ ಪ್ರಚಾರಕ್ಕೆ ಬಂದ ಮಹಾಪ್ರಮಾಣದ ವಿಟಮಿನ್ ಚಿಕಿತ್ಸೆಯು ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. ಮೀನೆಣ್ಣೆಯ ಒಮೆಗಾ-3 ಅಂಶದಿಂದ ಕಿಂಚಿತ್ ಪ್ರಯೋಜನವುಂಟೆಂದೂ, ಆದರೆ ಅದು ಔಷಧಗಳ ಪರಿಣಾಮಕ್ಕೆ ಸಮನಲ್ಲವೆಂದೂ 2011ರಲ್ಲಿ 699 ಮಕ್ಕಳ ಪರೀಕ್ಷೆಗಳನ್ನು ಕ್ರೋಡೀಕರಿಸಿದ ಸಮೀಕ್ಷೆ ತಿಳಿಸಿತು. ಕಬ್ಬಿಣದ ಕೊರತೆಯಿರುವ ಮಗುವಿಗೆ ಕಬ್ಬಿಣವನ್ನು ಕೊಡಬೇಕಾದದ್ದಂತೂ ಯುಕ್ತವೇ. ಕೊರತೆಯಿಲ್ಲದವರಿಗೆ ಕೊಡುವುದು ಅಪಾಯಕರವಾಗಬಹುದು.

ತೀರಿತೆಂದುಕೊಂಡಿದ್ದ ಬಣ್ಣದ ವಾದವು 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಮತ್ತೆ ತಲೆಯೆತ್ತಿತು. ಮೂರು ವರ್ಷದ 153 ಹಾಗೂ ಎಂಟು-ಒಂಬತ್ತು ವರ್ಷದ 144 ಸಾಮಾನ್ಯ ಮಕ್ಕಳಿಗೆ, ಬಣ್ಣಗಳ ಮಿಶ್ರಣವನ್ನೂ ಸೋಡಿಯಂ ಬೆಂಜೋಯೇಟ್ ಎಂಬ ಸಂರಕ್ಷಕವನ್ನೂ ಸೇರಿಸಿದ ಹಣ್ಣಿನ ಪಾನೀಯವನ್ನು ಕೆಲವು ವಾರ, ನೋಟಕ್ಕೂ ರುಚಿಗೂ ಅದರಂತೆಯೇ ಇದ್ದ ಬರಿಯ ಪಾನೀಯವನ್ನು ಕೆಲವು ವಾರ ಕೊಟ್ಟು ನೋಡಲಾಗಿ, ಸರಾಸರಿಯಲ್ಲಿ ಚಾಂಚಲ್ಯವು ಸ್ವಲ್ಪಮಟ್ಟಿಗೆ ಹೆಚ್ಚಿದ್ದು ಕಂಡುಬಂತು. ಮಗುವಿನಿಂದ ಮಗುವಿಗೆ ಪರಿಣಾಮವು ಬಹಳ ಭಿನ್ನವಾಗಿತ್ತು. ಟಾರ್ಟ್ರಜೀನ್ ಮೊದಲಾದ ಆರು ಬಣ್ಣಗಳಿರುವ ತಿನಿಸುಗಳ ಮೇಲೆ, ಮಕ್ಕಳ ಚಟುವಟಿಕೆ ಮತ್ತು ಅವಧಾನಗಳಿಗೆ ಬಾಧಕವಾಗಬಹುದೆಂಬ ಎಚ್ಚರಿಕೆಯನ್ನು ಮುದ್ರಿಸುವುದು 2010ರ ಜುಲೈಯಿಂದ ಐರೋಪ್ಯ ಒಕ್ಕೂಟದಲ್ಲಿ ಕಡ್ಡಾಯವಾಯಿತು. ಆ ವಾಕ್ಯವನ್ನು ಮುದ್ರಿಸುವುದಕ್ಕಿಂತ ಬಣ್ಣವನ್ನೇ ಬದಲಿಸುವುದು ಲೇಸೆಂದು ಅನೇಕ ತಯಾರಕರು ಬಗೆದರು. ಆ ಆರರ ಪೈಕಿ ನಾಲ್ಕು, ಅಂದರೆ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಯಿಸಿನ್, ಪಾನ್ಸೊ 4ಆರ್‌ಗಳನ್ನು, ಗೊತ್ತುಪಡಿಸಿದ ತಿನಿಸುಗಳಲ್ಲಿ ಮಿತಪ್ರಮಾಣದಲ್ಲಿ ಬಳಸಲು ಭಾರತದ ಕಾನೂನು ಸಮ್ಮತಿಸಿದೆ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರವು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಆದರೆ ಅದಕ್ಕೆ ಪ್ರೇರಣೆಯಾದದ್ದು ಕ್ಯಾನ್ಸರಿನ ಭೀತಿಯೇ ಹೊರತು ಮಕ್ಕಳ ಅವಧಾನದ ಚಿಂತೆಯಲ್ಲ.