ಕೊಬ್ಬರಿಗೆ ಮೂರಕ್ಷರವೋ, ಏಳೋ?

ಹುಳಿಯಾರು, ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ. ತೆಂಗಿನ ಸೀಮೆಯ ಯಾವ ಪೇಟೆಗೆ ಹೋದರೂ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಒಂದಾದರೂ ಡಿಟಿಪಿ ಅಂಗಡಿ ಸಿಗುತ್ತದೆ. ಲಗ್ನಪತ್ರಿಕೆ, ತಹಶೀಲ್ದಾರರಿಗೆ ಅರ್ಜಿ, ಸಂಘದ ಠರಾವು, ಮಂಡಿಯ ಬಿಲ್ ಪುಸ್ತಕ ಎಲ್ಲವೂ ಕನ್ನಡದಲ್ಲಿ ಅಚ್ಚಾಗುವುದು ಅಲ್ಲೇ. ಅದೇ ಊರಿನ ಕಾಲೇಜಿನ ಲ್ಯಾಬಿನಲ್ಲಿ ಮಕ್ಕಳು ಪ್ರೋಗ್ರಾಂ ಬರೆಯಲು ಕಲಿಯುತ್ತಾರೆ. ಎರಡೂ ಕಡೆ ಇರುವುದು ಒಂದೇ ಬಗೆಯ ಯಂತ್ರ. ಆದರೂ ಅಂಗಡಿಯ ಕನ್ನಡ ಲ್ಯಾಬಿನೊಳಕ್ಕೆ ಬರಲು ಬಹಳ ವರ್ಷ ಹಿಡಿಯಿತು. ಪೈಥಾನ್ ಕಲಿಯಲು ಕೂತವರು ಯಾವ ಎಡಿಟರ್ ಹಿಡಿಯಬೇಕು, ತಪ್ಪು ಹುಡುಕಲು ಯಾವ ಸಲಕರಣೆ ಬೇಕು ಎಂಬ ಪ್ರಶ್ನೆಗೆ ಈ ತಡದ ಚರಿತ್ರೆಯಲ್ಲೇ ಉತ್ತರವಿದೆ.

ಲ್ಯಾಬಿನ ಕಥೆ ಶುರುವಾಗುವುದು ನೀಲಿ ಪರದೆಯಿಂದ. ಬೋರ್ಲೆಂಡ್ ಕಂಪನಿಯ ಟರ್ಬೊ ಸಿ 1987ರಲ್ಲಿ ಬಂತು. ವಿಂಡೋಸ್ ಬಂದು ಹಳತಾದ ಮೇಲೂ ನಮ್ಮ ಕಾಲೇಜುಗಳು ಅದನ್ನು ಬಿಡಲಿಲ್ಲ. ಹಳೆಯದೆಂದು ಮೂಗು ಮುರಿಯುವವರಿದ್ದಾರೆ, ಆದರೆ ಅದು ಕಲಿಸಿದ ಒಂದು ಒಳ್ಳೆಯ ರೂಢಿಯನ್ನು ನೆನೆಯಲೇಬೇಕು: ಅದರ ಮುಂದಿನ ಆವೃತ್ತಿಗಳಲ್ಲಿ ಎಡಿಟರಿನೊಳಗೇ ಡಿಬಗ್ಗರ್ ಇತ್ತು. ಎಫ್7 ಒತ್ತಿದರೆ ಪ್ರೋಗ್ರಾಂ ಒಂದೊಂದೇ ಸಾಲು ನಡೆಯುತ್ತಿತ್ತು. ಯಾವ ಹೆಸರಿನಲ್ಲಿ ಈಗ ಯಾವ ಬೆಲೆ ಕೂತಿದೆ ಎಂದು ಇನ್ನೊಂದು ಕಿಟಕಿಯಲ್ಲಿ ಕಾಣುತ್ತಿತ್ತು. ಕಾಣದೇ ಇದ್ದದ್ದು ಕನ್ನಡ. ಟರ್ಬೊ ಸಿ ಓಡುತ್ತಿದ್ದ ಡಾಸ್ ಪರದೆಯೆಂದರೆ 80 ಕಂಬ, 25 ಸಾಲುಗಳ ಮನೆಗಳು. ಒಂದು ಮನೆಗೆ ಒಂದೇ ಅಕ್ಷರ. ಒತ್ತು, ಗುಣಿತಗಳಿಗೆ ಅಲ್ಲಿ ಜಾಗವೇ ಇರಲಿಲ್ಲ. ಅಂಥ ಪರದೆಯ ಮೇಲೂ ಭಾರತೀಯ ಲಿಪಿ ಮೂಡಿಸಲು ಪುಣೆಯ ಸಿ-ಡ್ಯಾಕ್ ‘ಜಿಸ್ಟ್’ ಎಂಬ ಪ್ರತ್ಯೇಕ ಕಾರ್ಡನ್ನೇ ಕೊಡುತ್ತಿತ್ತು.

ಅಂಗಡಿಯವರು ಬೇರೆ ದಾರಿ ಹಿಡಿದರು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳ ತಂತ್ರಾಂಶವಾಯಿತು. ಕೆ.ಪಿ. ರಾವ್ ಅವರ ಧ್ವನ್ಯಾತ್ಮಕ ಕೀಲಿಮಣೆ ವಿನ್ಯಾಸದಿಂದ ಸಾವಿರಾರು ಬೆರಳುಗಳಿಗೆ ಕನ್ನಡ ಸುಲಭವಾಯಿತು. ಈ ಉಪಕಾರವನ್ನು ಎಷ್ಟು ನೆನೆದರೂ ಕಡಿಮೆಯೇ. ಆದರೆ ಆ ಕಾಲದ ಫಾಂಟ್‌ಗಳ ಒಳಗುಟ್ಟು ಬೇರೆ. ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಿದ್ದರು. ಕಣ್ಣಿಗೆ ‘ಕೊಬ್ಬರಿ’ ಎಂದು ಕಾಣುವುದು ಯಂತ್ರದ ಮಟ್ಟಿಗೆ ಮೊದಲಿಗೊಂದು ‘ಪಿ’, ಕೊನೆಗೊಂದು ‘ಜೆ’, ನಡುವೆ ಯುರೋಪಿನ ಅಕ್ಷರಗಳು, ಚಿಹ್ನೆಗಳು, ಅಷ್ಟೆ. ಫಾಂಟ್ ತೆಗೆದರೆ ಕನ್ನಡವೂ ಮಾಯ. ಮುದ್ರಣಕ್ಕೆ ಇದರಿಂದ ಅಡ್ಡಿಯಿಲ್ಲ, ಪ್ರೋಗ್ರಾಮಿಗೆ ಮಾತ್ರ ಇದು ಕನ್ನಡವೇ ಅಲ್ಲ.

ಅಂಗಡಿ, ಲ್ಯಾಬು ಎರಡನ್ನೂ ಬೆಸೆದದ್ದು ಯೂನಿಕೋಡ್. ಅದರ ಮೊದಲ ಆವೃತ್ತಿ 1991ರದು, ಕನ್ನಡಕ್ಕೆ ಅದರಲ್ಲಿ 128 ಸ್ಥಾನಗಳಿವೆ. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟನ್ನು ತನ್ನ ಜೊತೆಗೇ ತಂದಿತು. ಯು.ಬಿ. ಪವನಜ ಅವರು ಮಕ್ಕಳಿಗಾಗಿ ಲೋಗೊ ಭಾಷೆಯನ್ನು ಕನ್ನಡಕ್ಕೆ ತಂದು, ಆದೇಶಗಳನ್ನೇ ಕನ್ನಡದಲ್ಲಿ ಕೊಡಬಹುದೆಂದು ತೋರಿಸಿದರು. ಗ್ವಿಡೊ ವಾನ್ ರಾಸಮ್ 1991ರಲ್ಲಿ ಹೊರತಂದ ಪೈಥಾನ್, 2008ರ ಡಿಸೆಂಬರಿನ ಮೂರನೇ ಆವೃತ್ತಿಯಲ್ಲಿ ಎಲ್ಲ ಪಠ್ಯವನ್ನೂ ಯೂನಿಕೋಡ್ ಎಂದೇ ನೋಡತೊಡಗಿತು. ‘ಬೆಲೆ’, ‘ತೂಕ’ ಎಂದು ಚರಗಳಿಗೆ ಕನ್ನಡದ ಹೆಸರಿಡುವುದೂ ಅಂದಿನಿಂದ ಸಾಧ್ಯವಾಯಿತು.

ತೆಂಗಿನ ಸೀಮೆಯ ವಿದ್ಯಾರ್ಥಿಗೆ ಇಲ್ಲಿಂದ ಮುಂದಿನದೇ ರಸವತ್ತಾದ ಭಾಗ. ‘ಕೊಬ್ಬರಿ’ಯ ಉದ್ದವೆಷ್ಟು? ಬಾಯಿಗೆ ಮೂರಕ್ಷರ: ಕೊ, ಬ್ಬ, ರಿ. ಪೈಥಾನಿನ ‘ಲೆನ್’ ಏಳು ಎನ್ನುತ್ತದೆ: ಕ, ಒಕಾರದ ಚಿಹ್ನೆ, ಬ, ಹಲಂತ, ಬ, ರ, ಗುಡಿಸು. ಯೂನಿಕೋಡನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್ ಬೇಕಾದ್ದರಿಂದ ಡಿಸ್ಕಿನ ಮೇಲೆ ಅದೇ ಪದಕ್ಕೆ 21. ಒಕಾರದ ಚಿಹ್ನೆಯನ್ನು ಎರಡು ತುಂಡಾಗಿಯೂ ಬರೆಯಲು ಯೂನಿಕೋಡ್ ಅವಕಾಶ ಕೊಟ್ಟಿದೆ. ಹಾಗೆ ಬರೆದ ‘ಕೊಬ್ಬರಿ’ಯ ಉದ್ದ ಎಂಟು. ಪರದೆಯ ಮೇಲೆ ಎರಡೂ ಒಂದೇ ರೂಪ, ಹೋಲಿಸಿ ನೋಡಿದರೆ ಪೈಥಾನ್ ಬೇರೆ ಬೇರೆ ಎನ್ನುತ್ತದೆ. ಇಂಥ ತಪ್ಪನ್ನು ಕಣ್ಣಿನಿಂದ ಹಿಡಿಯಲು ಯಾರಿಂದಲೂ ಆಗದು.

ಅಂಕಿಗಳಲ್ಲೂ ಹೀಗೆಯೇ. ಉದ್ಧರಣ ಚಿಹ್ನೆಯೊಳಗೆ ‘೧೫೦೦೦’ ಎಂದಿಟ್ಟು ‘ಇಂಟ್’ಗೆ ಕೊಟ್ಟರೆ ಪೈಥಾನ್ ಚಕಾರವೆತ್ತದೆ 15000 ಎಂದು ಓದಿಕೊಳ್ಳುತ್ತದೆ. ಅದೇ ಅಂಕಿಯನ್ನು ನೇರವಾಗಿ ಕೋಡಿನಲ್ಲಿ ಬರೆದರೆ ಒಪ್ಪುವುದಿಲ್ಲ. ವಿಂಡೋಸಿನಲ್ಲಿ ಎನ್‌ಕೋಡಿಂಗ್ ಹೇಳದೆ ಕೊಬ್ಬರಿ ಧಾರಣೆ ಪಟ್ಟಿಯ ಯುಟಿಎಫ್-8 ಕಡತವನ್ನು ತೆರೆದರೆ, ಪೈಥಾನ್ ಅದನ್ನು ಸಾಮಾನ್ಯವಾಗಿ ಪಶ್ಚಿಮ ಯುರೋಪಿನ ಹಳೆಯ ಸಂಕೇತಪಟ್ಟಿಯಂತೆ ಓದಲು ಹೊರಡುತ್ತದೆ; ‘ಬ್ಬ’ದ ಹಲಂತದೊಳಗಿನ ಒಂದು ಬೈಟು ಆ ಪಟ್ಟಿಯಲ್ಲಿಲ್ಲದ ಕಾರಣ ಅಲ್ಲಿಗೇ ನಿಂತುಬಿಡುತ್ತದೆ.

ಹಾಗಾದರೆ ಯಾವ ಸಲಕರಣೆ? ‘ವಿಐ’, ‘ಈಮ್ಯಾಕ್ಸ್’ಗಳು 1976ರಿಂದ ಬಂದ ಘನ ಪರಂಪರೆ. ಆದರೆ ಕಪ್ಪು ಟರ್ಮಿನಲ್ ಕಿಟಕಿ ಇಂದಿಗೂ ಮನೆಗೊಂದು ಅಕ್ಷರ ಎಂಬ ಡಾಸ್ ಕಾಲದ ಲೆಕ್ಕವನ್ನೇ ಬಹುಮಟ್ಟಿಗೆ ನಂಬಿರುವುದರಿಂದ ಅಲ್ಲಿ ಕನ್ನಡದ ಒತ್ತುಗಳು ಚೆದುರುತ್ತವೆ. 2015ರಲ್ಲಿ ಬಂದ ವಿಎಸ್ ಕೋಡ್ ಸಮರ್ಥ, ಕನ್ನಡವನ್ನೂ ಚೆನ್ನಾಗಿ ತೋರಿಸುತ್ತದೆ. ಹೊಸಬರಿಗೆ ಮಾತ್ರ ಅದರ ಗುಂಡಿಗಳ ಸಂತೆಯೇ ಒಂದು ಪಾಠವಾಗಿಬಿಡುತ್ತದೆ. ಮೊದಲ ತಿಂಗಳುಗಳಿಗೆ ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಥಾನಿ’ ಹೆಚ್ಚು ಒಗ್ಗುತ್ತದೆ. ಟರ್ಬೊ ಸಿ ಕಲಿಸಿದ ರೂಢಿ ಅದರಲ್ಲಿ ಮತ್ತೆ ಸಿಗುತ್ತದೆ: ಸಾಲಿನ ಒಳಗಿನ ಲೆಕ್ಕ ಹೇಗೆ ಬಿಡಿಸಿಕೊಳ್ಳುತ್ತದೆ ಎಂಬುದನ್ನೂ ಹಂತಹಂತವಾಗಿ ತೋರಿಸುತ್ತದೆ, ಚರಗಳ ಪಟ್ಟಿಯೂ ಕಣ್ಣೆದುರಿಗೇ ಇರುತ್ತದೆ. ಪೈಥಾನಿನ ಜೊತೆಗೇ ಬರುವ ‘ಐಡಲ್’ ಆದರೂ ಸಾಕು.

ಡಿಬಗ್ಗರಿಗಿಂತ ಮೊದಲು ಕೈಗೆ ಬರಬೇಕಾದದ್ದು ‘ಆಸ್ಕಿ’ ಎಂಬ ಪುಟ್ಟ ಫಂಕ್ಷನ್. ‘ಪ್ರಿಂಟ್’ ಚಂದದ ರೂಪವನ್ನಷ್ಟೇ ತೋರಿಸಿದರೆ ‘ಆಸ್ಕಿ’ ಒಳಗಿನ ಸಂಕೇತಗಳನ್ನು ಒಂದೊಂದಾಗಿ ಬಿಚ್ಚಿಡುತ್ತದೆ. ಏಳರ ಕೊಬ್ಬರಿ ಯಾವುದು, ಎಂಟರದು ಯಾವುದು ಎಂದು ಆಗ ತಿಳಿಯುತ್ತದೆ. ಅದರಿಂದಲೂ ಬಗೆಹರಿಯದಿದ್ದರೆ ಪೈಥಾನಿನ 2018ರ 3.7ನೇ ಆವೃತ್ತಿಯಿಂದ ಇರುವ ‘ಬ್ರೇಕ್‌ಪಾಯಿಂಟ್’ ಹಾಕಿ ಓಟವನ್ನು ನಡುವೆ ತಡೆದು ನೋಡಬಹುದು.

ಕಲಿಯಲು ಒಳ್ಳೆಯ ಕೆಲಸ ಊರಿನಲ್ಲೇ ಇದೆ. ಡಿಟಿಪಿ ಅಂಗಡಿಗಳ ಹಳೆಯ ಡಿಸ್ಕುಗಳಲ್ಲಿ ಕೂತಿರುವ ನುಡಿ ಕಡತಗಳನ್ನು ಯೂನಿಕೋಡಿಗೆ ತರುವ ಸ್ಕ್ರಿಪ್ಟ್ ಬರೆಯುವುದು. ಸಿದ್ಧ ಪರಿವರ್ತಕಗಳು ಸಿಗುತ್ತವೆ, ನಿಜ. ಆದರೂ ಸ್ವತಃ ಬರೆದು ನೋಡಬೇಕು. ಅಕ್ಷರಕ್ಕೆ ಅಕ್ಷರ ಬದಲಿಸುವ ಪಟ್ಟಿ ಒಂದು ಮಟ್ಟಕ್ಕೆ ಕೆಲಸ ಮಾಡಿ ‘ಕರ್ನಾಟಕ’ದ ಹತ್ತಿರ ಮುಗ್ಗರಿಸುತ್ತದೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ‘ನಾ’ ಆದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದಂತೆ ‘ರ’ ಮತ್ತು ಹಲಂತ ‘ನಾ’ಕ್ಕಿಂತ ಮೊದಲು ನಿಲ್ಲಬೇಕು. ಹಿಂದಿನ ಅಕ್ಷರ ಎಲ್ಲಿಂದ ಶುರುವಾಯಿತು ಎಂದು ಹುಡುಕಿಕೊಂಡು ಹೋಗಿ ಅರ್ಕಾವತ್ತನ್ನು ಅಲ್ಲಿಗೆ ಸರಿಸುವ ಆ ಲೂಪಿನ ಮೊದಲ ಸಾಲಿನಲ್ಲೇ ಬ್ರೇಕ್‌ಪಾಯಿಂಟ್ ಇಡಬೇಕು. ‘ಕರ್ನಾಟಕ’ ಸರಿಹೋದ ಮೇಲೆ, ಅರ್ಕಾವತ್ತು ಇರುವ ‘ತೀರ್ಮಾನ’, ‘ಮಾರ್ಗದರ್ಶಿ’ಗಳನ್ನು ಕೊಟ್ಟು ಮತ್ತೊಮ್ಮೆ ಓಡಿಸಿ ನೋಡಬೇಕು.