ಆಂಡೋವರಿನ ಫಿಲಿಪ್ಸ್ ಅಕಾಡೆಮಿ

ಅಮೆರಿಕದ ಸ್ವಾತಂತ್ರ್ಯ ಸಮರ ಇನ್ನೂ ನಡೆಯುತ್ತಿದ್ದ 1778ರಲ್ಲಿ, ಮ್ಯಾಸಚೂಸೆಟ್ಸ್ ಪ್ರಾಂತದ ಆಂಡೋವರ್ ಊರಿನಲ್ಲಿ ಸ್ಯಾಮ್ಯುಯೆಲ್ ಫಿಲಿಪ್ಸ್ ಎಂಬ 26ರ ತರುಣನು ಫಿಲಿಪ್ಸ್ ಅಕಾಡೆಮಿಯನ್ನು ಸ್ಥಾಪಿಸಿದನು. ವಾಷಿಂಗ್ಟನ್ನನ ಸೇನೆಗೆ ಕೋವಿಮದ್ದು ತಯಾರಿಸಿ ಒದಗಿಸಿದವನೂ ಈತನೇ. ಮುಂದೆ ಕಾಲೇಜು ವ್ಯಾಸಂಗಕ್ಕೆ ಹುಡುಗರನ್ನು ಅಣಿಗೊಳಿಸುವುದರಲ್ಲಿ ಹೆಸರಾದ ಈ ಖಾಸಗಿ ಶಾಲೆಯ ಸಂವಿಧಾನವು ವಿದ್ಯೆಗಿಂತ ಶೀಲಕ್ಕೆ ಹಿರಿಯ ಸ್ಥಾನವಿತ್ತಿತು. ಎಲ್ಲ ದಿಕ್ಕುಗಳಿಂದ ಬರುವ ಅರ್ಹ ಯುವಜನರಿಗೂ ಶಾಲೆಯ ಬಾಗಿಲು ತೆರೆದಿರಬೇಕೆಂದು ವಿಧಿಸಿತು.

ಆದರೆ ಆ ‘ಎಲ್ಲ’ದರೊಳಗೆ ಹೆಣ್ಣುಮಕ್ಕಳು ಸೇರಿರಲಿಲ್ಲ. ಅವರಿಗಾಗಿ ಅದೇ ಊರಿನಲ್ಲಿ 1829ರಲ್ಲಿ ಆಬಟ್ ಅಕಾಡೆಮಿ ಬೇರೆಯಾಗಿಯೇ ಆರಂಭವಾಯಿತು. 1973ರಲ್ಲಿ ಎರಡೂ ಒಂದಾದವು. ಹೆಸರು ಮಾತ್ರ ಫಿಲಿಪ್ಸ್ ಅಕಾಡೆಮಿಯದೇ ಉಳಿಯಿತು. ಬರೆದಿಟ್ಟ ಧ್ಯೇಯವು ಹೆಣ್ಣುಮಕ್ಕಳನ್ನು ತಲುಪಲು 195 ವರ್ಷಗಳು ಬೇಕಾದವು. ವಿದ್ಯಾಸಂಸ್ಥೆಯ ಚರಿತ್ರೆಯನ್ನು ಅರಿಯಬಯಸುವವರು ಅದರ ಸಂವಿಧಾನದೊಡನೆ ಹಾಜರಿ ಪುಸ್ತಕವನ್ನೂ ಓದಬೇಕು.