ಬಿಳಿ ಕೂದಲಿನ ಕಂದಾಯ

1/6
📍 ಮಾಕಳಿದುರ್ಗ

ಕೆಳಗೆ ರೈಲು ಹಳಿ, ಮೇಲೆ ಕೋಟೆ ಗೋಡೆ, ತುದಿಯಲ್ಲಿ ಶಿವನ ಗುಡಿ ಮತ್ತು ನಂದಿ. ಇದು ನಮ್ಮ ಮಾಕಳಿದುರ್ಗ. ಮಾರ್ಕಂಡೇಯ ಋಷಿ ಇಲ್ಲಿ ತಪಸ್ಸು ಮಾಡಿದ ಅನ್ನೋದು ಈ ಬೆಟ್ಟದ ಐತಿಹ್ಯ. ಮಾರ್ಕಂಡೇಯನ ಕಥೆ ಗೊತ್ತಲ್ಲ? ಹದಿನಾರಕ್ಕೆ ಆಯಸ್ಸು ಮುಗೀಬೇಕಿದ್ದ ಹುಡುಗ ಶಿವಲಿಂಗ ತಬ್ಬಿಕೊಂಡು ಯಮನ ಕೈಯಿಂದ ಪಾರಾದ, ಎಂದೆಂದಿಗೂ ಹದಿನಾರರಲ್ಲೇ ಉಳಿದ. ಅಂದ್ರೆ ತಲೇಲಿ ಒಂದೇ ಒಂದು ಬಿಳಿ ಕೂದಲೂ ಕಾಣದ ಪುಣ್ಯಾತ್ಮ!

ಬೆಟ್ಟ ಇಳಿದು ದೊಡ್ಡಬಳ್ಳಾಪುರಕ್ಕೆ ಬಂದ್ರೆ ನೇಕಾರರ ಊರು. ನೇಕಾರರಲ್ಲಿ ಪದ್ಮಶಾಲಿಗಳು ಇದೇ ಮಾರ್ಕಂಡೇಯನನ್ನು ತಮ್ಮ ಮೂಲಪುರುಷ ಅಂತ ಪೂಜಿಸುತ್ತಾರೆ. ಬೀದಿ ಬೀದೀಲಿ ಮಗ್ಗದ ಸದ್ದು, ಬಣ್ಣ ಬಣ್ಣದ ನೂಲು. ನೂಲಿಗೆ ಒಂದು ಸಲ ಬಣ್ಣ ಸರಿಯಾಗಿ ಕೂತರೆ ಮುಗೀತು, ಸೀರೆ ಹಳೇದಾದರೂ ಬಣ್ಣ ಇರುತ್ತೆ. ಆದರೆ ತಲೆಗೂದಲಿಗೆ ಹಾಕಿದ ಬಣ್ಣ? ಮೂರು ವಾರ ಕಳೆಯೋದ್ರೊಳಗೆ ಬೈತಲೆಯಲ್ಲಿ ಬೆಳ್ಳಿ ಗೆರೆ ಹಾಜರ್.

ಕೋಟೆ ಕೊತ್ತಲ, ರಾಜರ ಕಥೆ ಸಾಕಷ್ಟು ಆಯ್ತು. ಇವತ್ತು ಆ ಬೆಳ್ಳಿ ಗೆರೆಯ ಇತಿಹಾಸ. ನರೆ ಮುಚ್ಚೋಕೆ ಯಾವ ಕಾಲದ ಜನ ಏನು ತೆತ್ತರು, ನಾವೀಗ ಏನು ತೆರ್ತಿದ್ದೀವಿ ಅನ್ನೋ ಲೆಕ್ಕ. ಸ್ವೈಪ್ ಮಾಡಿ 👉

2/6
ನರೆ ಅಂದ್ರೆ ಓಲೆಯೋ, ಕಳಂಕವೋ?

ನಮ್ಮ ಹಳೇ ಕಾವ್ಯಗಳಲ್ಲಿ ಬಿಳಿ ಕೂದಲು ಒಂದು ಓಲೆ ಇದ್ದ ಹಾಗೆ. ಕಾಳಿದಾಸನ ‘ರಘುವಂಶ’ದಲ್ಲಿ ದಶರಥನ ಕಿವಿ ಪಕ್ಕ ನರೆ ಕಾಣಿಸಿಕೊಳ್ಳುತ್ತೆ. ರಾಜ್ಯ ರಾಮನಿಗೆ ಒಪ್ಪಿಸು ಅಂತ ಮುಪ್ಪೇ ಬಂದು ಅವನ ಕಿವೀಲಿ ಪಿಸುಗುಟ್ಟಿದ ಹಾಗೆ ಕವಿ ಅದನ್ನು ಕಾಣ್ತಾನೆ. ಜನ್ನ 1209ರಲ್ಲಿ ಕನ್ನಡಕ್ಕೆ ತಂದ ಯಶೋಧರನ ಕಥೆಯಲ್ಲೂ ಅಪ್ಪ ರಾಜ ತನ್ನ ತಲೆಯ ನರೆ ನೋಡಿ, ಪಟ್ಟ ಮಗನಿಗೆ ಬಿಟ್ಟು ಹೊರಟುಬಿಡ್ತಾನೆ. ಬಸವಣ್ಣನವರೂ ಒಂದು ವಚನದಲ್ಲಿ ನರೆಯನ್ನು ಗಡಿಯಾರದ ಗಂಟೆಯ ಹಾಗೆ ಬಳಸಿದ್ದಾರೆ: ಅದು ಬಾರಿಸೋ ಮೊದಲೇ ದೇವರನ್ನು ನೆನೆ ಅಂತ.

ಆದರೆ ಇದೇ ನಾಡಿನಲ್ಲಿ ಇನ್ನೊಂದು ಮಾತೂ ಇತ್ತು. 6ನೇ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಸುಗಂಧ ತಯಾರಿಕೆಗೇ ಒಂದು ಅಧ್ಯಾಯ ಇದೆ. ಅದು ಶುರುವಾಗೋದು ಎಲ್ಲಿಂದ ಗೊತ್ತಾ? ಕೂದಲ ಬಣ್ಣದಿಂದ! ತಲೆ ಬೆಳ್ಳಗಾದವನಿಗೆ ಹೂಮಾಲೆ, ಗಂಧ, ಬಟ್ಟೆ, ಒಡವೆ ಯಾವುದೂ ಒಪ್ಪೋದಿಲ್ಲ, ಕಣ್ಣಿಗೆ ಕಾಡಿಗೆ ಹಚ್ಚೋ ಹಾಗೇ ತಲೆಗೂ ಬಣ್ಣ ಕಟ್ಟಬೇಕು ಅನ್ನೋದು ಅವನ ವಾದ.

ಬಿಟ್ಟುಕೊಡೋಕೆ ಒಂದು ರಾಜ್ಯ ಇದ್ದೋರಿಗೆ ನರೆ ಓಲೆ ಆಗುತ್ತೆ. ನಾಳೆ ಬೆಳಗ್ಗೆ ಮತ್ತೆ ನಾಲ್ಕು ಜನರ ಮುಂದೆ ನಿಲ್ಲಬೇಕಾದೋರಿಗೆ ಅದು ಮುಚ್ಚಿಡಬೇಕಾದ ವಿಷಯ. ಈ ಜಗಳ ಕನಿಷ್ಠ 1500 ವರ್ಷ ಹಳೇದು.

3/6
ಹನ್ನೆರಡು ಗಂಟೆಯ ಡೈ

ವರಾಹಮಿಹಿರ ಹೇಳೋ ವಿಧಾನ ಕೇಳಿ. ಕಬ್ಬಿಣದ ಪಾತ್ರೇಲಿ ಹುಳಿ ದ್ರವ ಹಾಕಿ, ಕಬ್ಬಿಣದ ಪುಡಿ ಜೊತೆ ಕೋದ್ರವದ ಅಕ್ಕಿ ಬೇಯಿಸಬೇಕು. ಕೋದ್ರವ ಅಂದ್ರೆ ನಮ್ಮ ಹಾರಕ. ಈಗ ಸಿರಿಧಾನ್ಯ ಅಂಗಡೀಲಿ ದುಬಾರಿ ಬೆಲೆಗೆ ಸಿಗುತ್ತಲ್ಲ, ಅದೇ. ನುಣ್ಣಗೆ ಅರೆದು, ತಲೆಗೆ ಮೆತ್ತಿ, ಹಸಿ ಎಲೆ ಸುತ್ತಿ ಎರಡು ಜಾವ ಕೂರಬೇಕು. ಆಮೇಲೆ ಅದನ್ನು ತೆಗೆದು ನೆಲ್ಲಿಕಾಯಿ ಲೇಪ, ಮತ್ತೆ ಎಲೆ, ಮತ್ತೆ ಎರಡು ಜಾವ. ಒಂದು ಜಾವಕ್ಕೆ ಮೂರು ಗಂಟೆ ಅಂದ್ರೆ ಒಟ್ಟು 12 ಗಂಟೆ. ಆಮೇಲೆ ಕಬ್ಬಿಣ ಮತ್ತು ಹುಳಿಯ ವಾಸನೆ ಹೋಗೋಕೆ ಸುಗಂಧದ ನೀರು, ಎಣ್ಣೆ ಬೇರೆ.

ಇದು ಮಂತ್ರ ಅಲ್ಲ, ರಸಾಯನಶಾಸ್ತ್ರ. ಹುಳಿಯಲ್ಲಿ ಕಬ್ಬಿಣ ಕರಗುತ್ತೆ. ನೆಲ್ಲಿಕಾಯಿಯ ಒಗರು, ಅಂದ್ರೆ ಟ್ಯಾನಿನ್, ಆ ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತೆ. ಶ್ರೀಕಾಳಹಸ್ತಿಯ ಕಲಂಕಾರಿ ಬಟ್ಟೆಯ ಕಪ್ಪು ಗೆರೆ ಹುಟ್ಟೋದೂ ಹೀಗೇನೇ: ತುಕ್ಕು ಹಿಡಿದ ಕಬ್ಬಿಣ, ಕೊಳೆಸಿದ ಬೆಲ್ಲದ ನೀರು, ಅಳಲೆಕಾಯಿ. ನಮ್ಮ ಮನೆಗಳಲ್ಲಿ ಗೋರಂಟಿ ಪುಡಿಗೆ ಟೀ ಡಿಕಾಕ್ಷನ್ ಹಾಕಿ ಕಬ್ಬಿಣದ ಬಾಣಲೆಯಲ್ಲಿ ರಾತ್ರಿ ಇಡೀ ನೆನೆಸ್ತಾರಲ್ಲ, ಅದೂ ಇದೇ ದಾರಿ. ಗೋರಂಟಿ ಒಂದೇ ಹಾಕಿದ್ರೆ ಬಿಳಿ ಕೂದಲು ಕಿತ್ತಳೆ ಕೆಂಪಾಗುತ್ತೆ. ಕಪ್ಪು ಬೇಕಂದ್ರೆ ಮೇಲೆ ನೀಲಿ ಗಿಡದ ಪುಡಿ ಹಾಕಬೇಕು.

ಗಮನಿಸಿ, ಇದರಲ್ಲಿ ದುಬಾರಿ ಸಾಮಾನು ಯಾವುದೂ ಇಲ್ಲ. ಹಾರಕ, ನೆಲ್ಲಿಕಾಯಿ, ಕಬ್ಬಿಣ. ದುಬಾರಿ ಆಗಿದ್ದು ಸಮಯ. ಹಗಲೆಲ್ಲಾ ತಲೆಗೆ ಎಲೆ ಸುತ್ತಿಕೊಂಡು ಕೂರೋಕೆ ಯಾರಿಗೆ ಆಗುತ್ತೆ? ಹೊಲದಲ್ಲಿ ಕಳೆ ಕೀಳೋರಿಗಲ್ಲ, ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತೋರಿಗಲ್ಲ. ಅರಮನೆಯೋರಿಗೆ. ಕಪ್ಪು ತಲೆ ಅನ್ನೋದು ಬಿಡುವು ಇದ್ದೋರ ಸೊತ್ತಾಗಿತ್ತು.

4/6
ಟಾರಿನಿಂದ ಬಂದ ಕಪ್ಪು

1856, ಲಂಡನ್. 18 ವರ್ಷದ ವಿಲಿಯಂ ಪರ್ಕಿನ್ ಮಲೇರಿಯಾಕ್ಕೆ ಕ್ವಿನೈನ್ ಮಾಡೋಕೆ ಹೊರಟ. ಸಿಕ್ಕಿದ್ದು ಔಷಧಿ ಅಲ್ಲ, ನೇರಳೆ ಬಣ್ಣ! ಕಲ್ಲಿದ್ದಲಿನ ಟಾರಿನಿಂದ ಬಣ್ಣ ತೆಗೆಯೋ ಉದ್ಯಮ ಅಲ್ಲಿಂದ ಬೆಳೀತು. 1897ರಲ್ಲಿ ಜರ್ಮನಿಯ ಬಾಸ್ಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು, ನಮ್ಮ ದೇಶದ ನೀಲಿ ಗಿಡದ ವ್ಯಾಪಾರ ಕುಸೀತು.

ಇದೇ ಕುಟುಂಬದ ಇನ್ನೊಂದು ವಸ್ತು ಪ್ಯಾರಾ ಫೆನಿಲೀನ್ ಡೈಅಮೀನ್. ಹೆಸರು ಬಾಯಿಗೆ ಬರಲ್ಲ, ಎಲ್ಲರೂ ಪಿಪಿಡಿ ಅಂತಾರೆ. ಇದರ ಕಣ ತುಂಬಾ ಚಿಕ್ಕದು, ಕೂದಲಿನ ಒಳಗೇ ಇಳಿಯುತ್ತೆ. ಜೊತೆಗೆ ಹಾಕೋ ಹೈಡ್ರೋಜನ್ ಪೆರಾಕ್ಸೈಡ್ ಸೋಕಿದಾಗ ಕಣಗಳು ಒಂದಕ್ಕೊಂದು ಸೇರಿ ದೊಡ್ಡದಾಗಿ ಒಳಗೇ ಸಿಕ್ಕಿಕೊಳ್ತವೆ. ಅದಕ್ಕೇ ತೊಳೆದರೂ ಹೋಗಲ್ಲ. 1907ರಲ್ಲಿ ಪ್ಯಾರಿಸ್‌ನ ಯುಜೀನ್ ಶುಲ್ಲರ್ ಅನ್ನೋ ರಸಾಯನಶಾಸ್ತ್ರಜ್ಞ ಕೃತಕ ಕೂದಲ ಬಣ್ಣ ತಯಾರಿಸಿ ಮಾರೋಕೆ ಶುರು ಮಾಡಿದ. 1909ರಲ್ಲಿ ಕಂಪನಿ ಕಟ್ಟಿದ, ಅದರ ಹೆಸರಲ್ಲೇ ‘ನಿರಪಾಯಕರ ಕೂದಲ ಬಣ್ಣ’ ಅನ್ನೋ ಮಾತಿತ್ತು. ಆಗಲೇ ಜನಕ್ಕೆ ಎಷ್ಟು ಭಯ ಇತ್ತು ಅಂತ ಆ ಹೆಸರೇ ಹೇಳುತ್ತೆ. ಆ ಕಂಪನಿಯೇ ಇವತ್ತಿನ ಲೊರಿಯಲ್.

ನಮ್ಮಲ್ಲಿ ವ್ಯಾಸ್ಮಾಲ್, ಗೋದ್ರೆಜ್ ಹೆಸರುಗಳು ಮನೆಮಾತಾದವು. ಬಾಟಲಿ ಕೊಳ್ಳೋಕೆ ಆಗದವರಿಗೂ ಪುಡಿ ಸ್ಯಾಶೆ ಬಂತು, ಹಳ್ಳಿಯ ಚಿಲ್ಲರೆ ಅಂಗಡಿಯ ಶಾಂಪೂ ಸರದ ಪಕ್ಕದಲ್ಲೇ ನೇತಾಡ್ತು. ಹನ್ನೆರಡು ಗಂಟೆಯ ಕೆಲಸ ಅರ್ಧ ಮುಕ್ಕಾಲು ಗಂಟೆಗೆ ಇಳೀತು. ಅರಮನೆಯ ಸೊತ್ತು ಎಲ್ಲರದ್ದಾಯ್ತು. ಇದನ್ನ ಸಣ್ಣ ವಿಷಯ ಅಂತ ತಳ್ಳಿಹಾಕೋ ಹಾಗಿಲ್ಲ.

5/6
ಹಾಗಾದ್ರೆ ಅಗ್ಗ ಆಯ್ತಾ?

ಲೆಕ್ಕ ಹಾಕೋಣ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತೆ. ಬಣ್ಣ ಬುಡದ ಒಳಗೆ ಇಳಿಯಲ್ಲ, ಹಾಗಾಗಿ ಹೊಸದಾಗಿ ಬರೋದೆಲ್ಲ ಬಿಳೀನೇ. ನಾಲ್ಕು ವಾರಕ್ಕೊಮ್ಮೆ ಹಚ್ಚಿದ್ರೆ ವರ್ಷಕ್ಕೆ 13 ಸಲ.

▪️ 40 ರೂಪಾಯಿ ಸ್ಯಾಶೆ ಅಂದ್ಕೊಳ್ಳಿ: ವರ್ಷಕ್ಕೆ 520. ಉದ್ದ ಜಡೆಗೆ ಎರಡು ಬೇಕು: 1,040.
▪️ ಪಾರ್ಲರ್‌ನಲ್ಲಿ ಒಂದು ಸಲಕ್ಕೆ 1,200 ಅಂದ್ಕೊಳ್ಳಿ: ವರ್ಷಕ್ಕೆ 15,600.
▪️ 40ನೇ ವಯಸ್ಸಿನಿಂದ 60ರವರೆಗೆ: 260 ಸಲ. ಕಲಸಿ, ಹಚ್ಚಿ, ಕಾದು, ತೊಳೆದು, ಬಚ್ಚಲಿನ ಕಲೆ ಉಜ್ಜೋಕೆ ಒಂದೂವರೆ ಗಂಟೆ ಅಂದ್ರೂ 390 ಗಂಟೆ. ಹಗಲು ರಾತ್ರಿ ಸೇರಿ 16 ದಿನ!

ದುಡ್ಡು, ಟೈಮ್ ಜೊತೆ ಚರ್ಮವೂ ತೆರಬೇಕಾಗಬಹುದು. ಪಿಪಿಡಿ ಕೆಲವರಿಗೆ ಆಗಿಬರಲ್ಲ: ತುರಿಕೆ, ಗುಳ್ಳೆ, ಕಣ್ಣು ಮುಖ ಊದೋದು. ವರ್ಷಗಟ್ಟಲೆ ಏನೂ ಆಗದೆ ಇದ್ದು ಒಂದು ದಿನ ದಿಢೀರ್ ಅಲರ್ಜಿ ಶುರುವಾಗಬಹುದು. ಅದಕ್ಕೇ ಹಚ್ಚೋಕೆ 48 ಗಂಟೆ ಮೊದಲು ಕಿವಿ ಹಿಂದೆ ಅಥವಾ ಮೊಣಕೈ ಒಳಗೆ ಚೂರು ಹಚ್ಚಿ ನೋಡಿ. ಹುಬ್ಬಿಗೆ, ರೆಪ್ಪೆಗೆ ಬೇಡವೇ ಬೇಡ, ಕಣ್ಣಿಗೇ ಕುತ್ತು. ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ, ಮಕ್ಕಳ ಕೈಗೆ ಸಿಗದ ಹಾಗಿಡಿ.

ಇನ್ನೊಂದು ಮಾತು. ಗೋರಂಟಿ ಒಂದರಿಂದಲೇ ಕಡುಕಪ್ಪು ಬರಲ್ಲ ಅಂದ್ವಲ್ಲ? ಹಾಗಾದ್ರೆ ಅರ್ಧ ಗಂಟೇಲಿ ಕಪ್ಪಾಗೋ ‘ಬ್ಲ್ಯಾಕ್ ಮೆಹೆಂದಿ’ ಒಳಗೆ ಏನಿದೆ? ಎಷ್ಟೋ ಸಲ ಅದೇ ಪಿಪಿಡಿ. ಪ್ಯಾಕೆಟ್ ಮೇಲೆ ಎಲೆ ಚಿತ್ರ ನೋಡಬೇಡಿ, ಹಿಂಬದಿಯ ಸಣ್ಣ ಅಕ್ಷರ ಓದಿ. (ಸೇವ್ ಮಾಡಿಟ್ಟುಕೊಳ್ಳಿ, ಮನೇಲಿ ಅಮ್ಮನಿಗೆ, ಚಿಕ್ಕಮ್ಮನಿಗೆ ತೋರಿಸಿ.)

6/6
ಈ ಕಂದಾಯ ಯಾರ ಮೇಲೆ?

ಕಿವಿ ಪಕ್ಕ ಬೆಳ್ಳಗಾದ ಗಂಡಸನ್ನು ನೋಡಿ ‘ಅನುಭವಸ್ಥರು’ ಅಂತೀವಿ. ಅಷ್ಟೇ ಬೆಳ್ಳಗಾದ ಹೆಂಗಸನ್ನು ನೋಡಿ ‘ಯಾಕಮ್ಮ, ಹುಷಾರಿಲ್ವಾ?’ ಅಂತ ಕೇಳ್ತೀವಿ. ಹೆಂಡತಿ ಬಣ್ಣ ಹಚ್ಚದಿದ್ರೆ ಗಂಡನಿಗೆ ಅಕ್ಕನ ಹಾಗೆ ಕಾಣ್ತಾಳೆ ಅಂತ ಮದುವೆ ಮನೇಲಿ ಆಡಿಕೊಳ್ಳೋರೂ ನಾವೇ. ಅಪ್ಯಾರಲ್ ಪಾರ್ಕಿನ ಗಾರ್ಮೆಂಟ್ಸ್ ಗೇಟಲ್ಲಿ ಕೆಲಸ ಕೇಳೋಕೆ ನಿಂತ ಹೆಣ್ಣುಮಗಳಿಗೆ, ಬಟ್ಟೆ ಅಂಗಡಿಯ ಸೇಲ್ಸ್‌ಮನ್‌ಗೆ ಆ ಸ್ಯಾಶೆ ಶೋಕಿಯಲ್ಲ. ಎಲ್ಲಿ ವಯಸ್ಸಾಯ್ತು ಅಂತ ಕಳಿಸಿಬಿಡ್ತಾರೋ ಅನ್ನೋ ಭಯಕ್ಕೆ ಕಟ್ಟೋ ಕಂದಾಯ. ಸಂಬಳ ಕಡಿಮೆ ಇದ್ದಷ್ಟೂ ಈ ಕಂದಾಯ ಭಾರ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂತು, ಸಲೂನ್ ಪಾರ್ಲರ್ ಎಲ್ಲ ಬಾಗಿಲು ಹಾಕಿದವು. ಎಷ್ಟೋ ಜನ ಮೊದಲ ಸಲ ತಮ್ಮ ನಿಜವಾದ ತಲೆಬಣ್ಣ ನೋಡಿದರು. ಕೆಲವರು ಹಾಗೇ ಬಿಟ್ಟರು, ಕೆಲವರು ಬಾಗಿಲು ತೆಗೆದ ದಿನವೇ ಓಡಿದರು. ಎರಡೂ ತಪ್ಪಲ್ಲ.

ಬಣ್ಣ ಹಚ್ಚಬೇಡಿ ಅಂತ ಹೇಳೋಕೆ ಇಷ್ಟೆಲ್ಲ ಬರೆದಿಲ್ಲ. ಹಚ್ಚೋರು ಬುಡಕ್ಕೆ ಮಾತ್ರ ಹಚ್ಚಿ, ತುದಿಯವರೆಗೂ ಪ್ರತಿ ಸಲ ಬೇಕಿಲ್ಲ. ಸಾಮಾನೂ ಉಳಿಯುತ್ತೆ, ಕೂದಲೂ ಉಳಿಯುತ್ತೆ. ಆದರೆ ಪಕ್ಕದಲ್ಲಿರೋರ ಬೈತಲೆ ನೋಡಿ ‘ಅಯ್ಯೋ, ಎಷ್ಟು ಬೆಳ್ಳಗಾಗಿದೆ’ ಅನ್ನೋ ಮೊದಲು ಒಂದು ಗಳಿಗೆ ತಡೀರಿ. ಪ್ಯಾಕೆಟ್ಟಿನ ಬೆಲೆ ಕಂಪನಿ ಹಾಕಿದ್ದಿರಬಹುದು, ಕಂದಾಯ ಹೇರಿದ್ದು ಮಾತ್ರ ನಮ್ಮ ಬಾಯಿ.

ನಿಮ್ಮ ಅಜ್ಜಿ ತಲೆಗೆ ಏನು ಹಚ್ತಾ ಇದ್ರು? ಗೋರಂಟಿನಾ, ಗರುಗದ ಸೊಪ್ಪಿನ ಎಣ್ಣೆನಾ, ಇಲ್ಲಾ ಬೆಳ್ಳಗಿನ ತುರುಬೇ ಚೆಂದ ಅಂತಿದ್ರಾ? ಬರೀರಿ 👇

#ಮಾಕಳಿದುರ್ಗ #ದೊಡ್ಡಬಳ್ಳಾಪುರ #ನರೆಗೂದಲು #ಊರಿನಇತಿಹಾಸ #ಕನ್ನಡ